ನೀರುಗಂಟಿ ಓಬಳಯ್ಯನ ಸರದಿ

ನಮ್ಮೂರಿನ ನೀರುಗಂಟಿ ಓಬಳಯ್ಯನಿಗೂ ಕಳ್ಳ ಎಂಬ ಹೆಸರು ಬಂತಲ್ಲ, ಅದನ್ನು ನೆನೆದರೆ ಈಗಲೂ ನನಗೆ ಸಿಟ್ಟು. ಮಿಡಿಗೇಶಿ ಬೆಟ್ಟದ ಮಗ್ಗುಲಲ್ಲಿರುವ ಈ ಊರಿಗೆ ನಲ್ಲಿ ನೀರು ಬರುವುದೇ ದಿನ ಬಿಟ್ಟು ದಿನ. ತಲೆ ನರೆಯುವವರೆಗೂ ವಾಲ್ವು ತಿರುಗಿಸಿದ ಮನುಷ್ಯ, ಯಾರ ಮನೆಯ ಲೋಟಕ್ಕೂ ಕೈ ಚಾಚಿದವನಲ್ಲ. ನನ್ನ ಅಂಗಡಿಯಲ್ಲಿ ಬಿಟ್ಟಿ ಟೀ ಕೊಟ್ಟರೂ, "ಬ್ಯಾಡ ಕಣಮ್ಮ ನಾಗ್ರತ್ನಮ್ಮ, ನಿನ್ ನಲ್ಲಿಗೆ ಜಾಸ್ತಿ ನೀರು ಬುಟ್ಟ ಅಂತಾರೆ" ಎನ್ನುತ್ತಿದ್ದ. ಇಷ್ಟು ಪುಕ್ಕಲಾದರೆ ಹೆಂಗಯ್ಯ ಎಂದು ನಾನೇ ಬೈದಿದ್ದೇನೆ.

ಊರಿನ ನೀರು ಸಮಿತಿಯವರು ಸರದಿ ನೋಡಲೆಂದು ಒಂದು ವೆಬ್‌ಸೈಟ್ ಮಾಡಿಸಿದರು. ಮಾಡಿಕೊಟ್ಟವಳು ಮಧುಗಿರಿಯ ಜ್ಯೋತಿಲಕ್ಷ್ಮಿ. ನಮ್ಮ ನಮ್ಮ ಫೋನ್ ನಂಬರ್ ಒತ್ತಿದರೆ ಮನೆಗಳ ಪಟ್ಟಿ ಬರುತ್ತದೆ. ಎದುರು ಬೀದಿಯ ಜಯಕ್ಕ ತೆಗೆದು ನೋಡಿದಳು. ಮೊದಲ ಹೆಸರು ಅವಳದೇ. ನೀರು ಮಾತ್ರ ಅರ್ಧ ಊರಿಗೆ ಬಂದ ಮೇಲೆ ಅವಳ ಮನೆಗೆ. ಸುಮ್ಮನಿರುವ ಹೆಂಗಸೇ ಅವಳು? ಮಾರನೆಯ ಬೆಳಿಗ್ಗೆ ನನ್ನ ಅಂಗಡಿ ಮುಂದೆಯೇ ಓಬಳಯ್ಯನನ್ನು ಅಡ್ಡಗಟ್ಟಿದಳು.

"ಫಸ್ಟು ನಮ್ ಮನೆ ಅಂತ ಇಲ್ಲೇ ಬರ್ದೈತೆ. ನಮ್ ನೀರ್ನ ಯಾರಿಗ್ ಬುಟ್ಟೆ?"

"ಪೈಪು ಹೆಂಗ್ ಹೋಗೈತೋ ಅಂಗೇ ಬುಡ್ತೀನಿ ಕಣಮ್ಮ."

"ಎಲ್ಲಿ, ನಿನ್ ಫೋನ್ ಕೊಡಿಲ್ಲಿ."

ಪಾಪ, ಕೊಟ್ಟ. ಅದರಲ್ಲಿ ಮೊದಲ ಹೆಸರು ಓಬಳಯ್ಯನದು. ಕಳ್ಳ ಸಿಕ್ಕಿಬಿದ್ದ ಎಂದು ಜಯಕ್ಕ ಅದನ್ನು ಬೀದಿಗೆಲ್ಲ ತೋರಿಸಿದಳು. ಅವನು ಟವೆಲಿನಲ್ಲಿ ಮುಖ ಒರೆಸಿಕೊಂಡು, "ಸಮಿತಿಯೋರಿಗೆ ಹೇಳಿ ಕೆಲ್ಸ ಬುಟ್ಬುಡ್ತೀನಿ" ಎಂದು ನನ್ನ ಬೆಂಚಿನ ಮೇಲೆ ಕುಸಿದು ಕೂತ.

ನಿಜವಾದ ಸರದಿ ತೋರಿಸಿ ಇವಳ ಬಾಯಿ ಮುಚ್ಚಿಸೋಣವೆಂದು ನನ್ನ ಫೋನ್ ತೆಗೆದೆ. ಅಲ್ಲಿ ನಾಗರತ್ನಮ್ಮನೇ ಮೊದಲು. ಮೂರೂ ಫೋನುಗಳನ್ನು ಮೇಜಿನ ಮೇಲೆ ಒಟ್ಟಿಗಿಟ್ಟೆ. ಒಂದೊಂದರಲ್ಲಿ ಒಬ್ಬೊಬ್ಬರು ಮೊದಲಿಗರು.

ಅಲ್ಲಿಂದಲೇ ಜ್ಯೋತಿಲಕ್ಷ್ಮಿಗೆ ಫೋನ್ ಮಾಡಿ ತರಾಟೆಗೆ ತೆಗೆದುಕೊಂಡೆ.

"ವಯಸ್ಸಾದವರಿಗೆ ಹುಡುಕೋ ಕಷ್ಟ ಬೇಡ ಅಂತ, ಯಾರು ತೆಗೆದರೆ ಅವರ ಹೆಸರೇ ಮೇಲೆ ಬರೋ ಹಾಗೆ ಮಾಡಿದ್ದೆ ಅಕ್ಕ" ಎಂದಳು. "ಅದು ಸರದಿ ಅಂದ್ಕೋತಾರೆ ಅಂತ ಹೊಳೀಲೇ ಇಲ್ಲ. ಪೈಪು ಹೋಗಿರೋ ಕ್ರಮದಲ್ಲಿ ಎಲ್ಲರಿಗೂ ಒಂದೇ ಪಟ್ಟಿ ಬರೋ ಹಾಗೆ ಮಾಡ್ತೀನಿ. ಅವರವರ ಹೆಸರಿಗೆ ಹಳದಿ ಬಣ್ಣ ಹಾಕಿದ್ರೆ ಸಾಕು."

ಸಂಜೆಯೊಳಗೆ ಮಾಡಿ ಮುಗಿಸಿದಳು. ಜಯಕ್ಕ ಬಂದು, ಓಬಳಯ್ಯ ಕೂತಿದ್ದ ಬೆಂಚಿನ ತುದಿಯಲ್ಲೇ ಕೂತು ಹೊಸ ಪಟ್ಟಿಯನ್ನು ಬೆರಳಿನಿಂದ ಸರಿಸಿದಳು. ಅವಳ ಹೆಸರು ನಡುವೆಲ್ಲೋ ಸಿಕ್ಕಿತು. ಆದರೂ ನಿಲ್ಲಿಸದೆ ಕೆಳಕ್ಕೆ ಹೋಗಿ, ಕೊನೆ ಮುಟ್ಟಿ ತಲೆಯೆತ್ತಿದಳು.

"ಓಬಳಣ್ಣ, ಎಲ್ಲಾರ್ಗಿಂತ ಕೊನೇದು ನಿಮ್ ಮನೇನಾ?"

"ಹೂಂ ಕಣಮ್ಮ. ನನ್ ನಲ್ಲೀಲಿ ನೀರು ಬಂತು ಅಂದ್ರೆ ಊರಿಗೆಲ್ಲ ಬಂದೈತೆ ಅಂತ ಗೊತ್ತಾಯ್ತದೆ."

"ನಿನ್ನ ಕಳ್ಳ ಅಂದ್ಬುಟ್ಟೆ. ತಪ್ಪಾಯ್ತು ಕಣಣ್ಣ."

ಬೆಳಿಗ್ಗೆಯಿಂದ ತಡೆದಿಟ್ಟಿದ್ದ ಕಣ್ಣೀರು ಓಬಳಯ್ಯನಿಗೆ ಈಗ ಬಂತು, ಅದರ ಹಿಂದೆಯೇ ನಗುವೂ. ಎದ್ದು ನಿಂತು, "ನಾಳೆ ನೀರು ಬುಡ್ತೀನಿ, ಬಿಂದಿಗೆ ತೊಳ್ದಿಟ್ಕೊಳ್ರಮ್ಮ" ಎಂದು ಮನೆಯ ಕಡೆ ಹೊರಟ.