ಹಿಂಬಾಗಿಲಿನ ದಮಯಂತಕ್ಕ

ಮಣ್ಣಗುಡ್ಡದಲ್ಲಿ ಮನೆ ಕೊಳ್ಳುವ ಹೆಂಗಸರು ದಲ್ಲಾಳಿಯ ಮಾತು ಕೇಳುವ ಮೊದಲು ದಮಯಂತಕ್ಕನ ಮಾತು ಕೇಳುತ್ತಿದ್ದರು. ಆಕೆ ಬೋಳೂರಿನ ಮೀನುಗಾರರ ಮನೆಯವಳು. ಬೆಳಿಗ್ಗೆ ಬುಟ್ಟಿ ಹೊತ್ತು ಬಂದು ಮನೆಮನೆಯ ಹಿಂಬಾಗಿಲಲ್ಲಿ ಬಂಗುಡೆ, ಬೂತಾಯಿ ಮಾರುತ್ತಿದ್ದಳು. ಮೀನಿನ ಬುಟ್ಟಿಯನ್ನು ಯಾರೂ ಮುಂಬಾಗಿಲಿಗೆ ಕರೆಯುತ್ತಿರಲಿಲ್ಲ, ಅದನ್ನು ಹೊತ್ತವಳನ್ನೂ ಕರೆಯುತ್ತಿರಲಿಲ್ಲ. ಹಾಗಾಗಿ ಆಕೆಗೆ ಮನೆಗಳ ಬೆನ್ನಷ್ಟೇ ಪರಿಚಯ. ಯಾರ ಬಾವಿ ಬೇಸಗೆಯಲ್ಲಿ ಕೈಕೊಡುತ್ತದೆ, ಯಾರ ಅಡಿಗೆಕೋಣೆ ಮಳೆಗಾಲದಲ್ಲಿ ಸೋರುತ್ತದೆ, ಯಾರ ಹಿತ್ತಿಲಿನ ಗಡಿಕಲ್ಲಿಗೆ ವರ್ಷವರ್ಷವೂ ಕಾಲು ಬರುತ್ತದೆ, ಎಲ್ಲ ಬಲ್ಲಳು. ಕೇಳಿದರೆ ಹೇಳುತ್ತಿದ್ದಳು, ಕೇಳದಿದ್ದರೂ ಸ್ವಲ್ಪ ಹೇಳುತ್ತಿದ್ದಳು.

ಮಾರುವವರಿಗೂ ಆಕೆಯ ಬುದ್ಧಿವಾದ ತಪ್ಪುತ್ತಿರಲಿಲ್ಲ. "ಗೋಡೆಯ ಬಿರುಕಿಗೆ ಸುಣ್ಣ ಬಳಿದು ಮುಚ್ಚಬೇಡಿ. ಬಿರುಕು ಉಂಟು ಅಂತ ಹೇಳಿಯೇ ಮಾರಿ. ನಾಳೆ ಅದೇ ದಾರಿಯಲ್ಲಿ ಮುಖ ತೋರಿಸ್ಲಿಕ್ಕೆ ಉಂಟಲ್ಲ?" ಎನ್ನುತ್ತಿದ್ದಳು. ಕೆಲವರು ನಗುತ್ತಿದ್ದರು, ಕೆಲವರು ಮುಖ ಗಂಟಿಕ್ಕಿಕೊಂಡು ಮೀನಿನ ಕಿವಿರು ಎತ್ತಿ ನೋಡುತ್ತಿದ್ದರು.

ಎರಡನೇ ಮಹಾಯುದ್ಧ ಶುರುವಾದ ಮರುವರ್ಷ ಮನೆಗಳ ಬೆಲೆ ಏರತೊಡಗಿತು. ಬೊಂಬಾಯಿಯಲ್ಲಿ ದುಡಿದವರು ಊರಿಗೆ ಬಂದು ಮನೆ ಹುಡುಕುತ್ತಿದ್ದರು. ದಮಯಂತಕ್ಕನ ಗಿರಾಕಿ ಮುದ್ದುವಿನ ಗಂಡ ಲೋಕಯ್ಯನೂ ಅಲ್ಲಿಯ ಹೋಟೆಲೊಂದರಲ್ಲಿ ಹರೆಯ ಸವೆಸಿ ಬಂದವನು. ಮುದ್ದು ಅಷ್ಟೂ ಕಾಲ ಬಾಡಿಗೆಯ ಬಿಡಾರದಲ್ಲಿದ್ದಳು. ಗೋಡೆಗೊಂದು ಮೊಳೆ ಹೊಡೆಯಬೇಕಾದರೂ ಧಣಿಯ ಅಪ್ಪಣೆ ಬೇಕಿತ್ತು. ಸ್ವಂತ ಗೋಡೆ, ಅದಕ್ಕೊಂದು ಮೊಳೆ, ಅವಳ ಆಸೆ ಅಷ್ಟೇ.

ಮಾಯಿಲಪ್ಪನ ಹೆಂಚಿನ ಮನೆ ಮಾರಾಟಕ್ಕಿದೆ ಎಂದು ದಲ್ಲಾಳಿ ತೋರಿಸಿದಾಗ ಅವಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹೊಸ ಸುಣ್ಣ, ಅಗಲದ ಚಾವಡಿ, ನೆರಳಿಗೆ ಹಲಸಿನ ಮರ. "ಗುರುವಾರದೊಳಗೆ ಮುಂಗಡ ಕೊಡಿ, ಬೊಂಬಾಯಿಯ ಇನ್ನೊಬ್ಬರು ಕಾದು ಕೂತಿದ್ದಾರೆ" ಎಂದ ಮಾಯಿಲಪ್ಪ. ಆ ಇನ್ನೊಬ್ಬರು ಯಾರೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಮುದ್ದು ಮೀನಿಗಿಂತ ಮೊದಲು ಮನೆಯ ಸುದ್ದಿ ಎತ್ತಿದಳು.

"ಮನೆ ಒಳ್ಳೇದುಂಟು ಮುದ್ದಕ್ಕ. ಬಾವಿ ಬೇಸಗೆಯಲ್ಲೂ ಬತ್ತುವುದಿಲ್ಲ," ಎಂದು ದಮಯಂತಕ್ಕ ಬುಟ್ಟಿ ಇಳಿಸಿದಳು. ಮಾಯಿಲಪ್ಪನ ಮನೆ ಆಕೆಯ ದೊಡ್ಡ ಗಿರಾಕಿ, ಆದರೂ ಕೇಳಿಯೇಬಿಟ್ಟಳು. "ಆದ್ರೆ ಕಿನ್ನಿಯಕ್ಕನಿಗೆ ಗೊತ್ತುಂಟಾ?"

ಕಿನ್ನಿ ಮಾಯಿಲಪ್ಪನ ಅಕ್ಕ. ಮನೆ ತಾಯಿಯ ಕಡೆಯಿಂದ ಬಂದದ್ದು. ತುಳುನಾಡಿನ ಅಳಿಯಕಟ್ಟಿನಲ್ಲಿ ಮನೆತನ ಬೆಳೆಯುವುದು ಹೆಣ್ಣುಮಕ್ಕಳಿಂದ. ಯಜಮಾನನೆಂದು ತಮ್ಮ ಓಡಾಡಬಹುದು, ಅಕ್ಕನೂ ಅವಳ ಮಕ್ಕಳೂ ಒಪ್ಪದೆ ಮಾರುವಂತಿಲ್ಲ. ಮುದ್ದುವೂ ಅದೇ ಕಟ್ಟಿನವಳು. ಆಸೆ ಕಣ್ಣಿಗೆ ಕಟ್ಟಿದಾಗ ಅದೊಂದು ಮಾತು ಅವಳಿಗೆ ನೆನಪಾಗಿರಲೇ ಇಲ್ಲ.

"ನಂಗೆಂತ ಗೊತ್ತು? ನಾನು ಅವರನ್ನು ನೋಡಲೇ ಇಲ್ಲ."

"ಮುಂಬಾಗಿಲಿಂದ ಹೋದ್ರೆ ಅವರು ಸಿಕ್ಕುವುದಿಲ್ಲ. ನನ್ನ ಜೊತೆ ಬನ್ನಿ."

ಹಿತ್ತಿಲಿನಲ್ಲಿ ಕಿನ್ನಿಯಕ್ಕ ಮೀನು ತೊಳೆಯಲು ಬೂದಿ ಇಟ್ಟುಕೊಂಡು ಕಾಯುತ್ತಿದ್ದಳು. ಮುದ್ದು ತೊದಲುತ್ತಲೇ ವಿಷಯ ಹೇಳಿದಳು. ಕಿನ್ನಿಯಕ್ಕ ಕೈ ತೊಳೆದುಕೊಂಡು ಹೊಸ ಸುಣ್ಣದ ಗೋಡೆಯನ್ನು ನೋಡಿದಳು.

"ನನ್ನ ಮಗಳ ಮದುವೆಗೆ ಬಳಿಸುವುದು ಅಂತ ತಮ್ಮ ಹೇಳಿದ್ದ."

ಮುದ್ದುವಿಗೆ ಅಲ್ಲಿ ನಿಲ್ಲಲಾಗಲಿಲ್ಲ. "ನಮಗೆ ಬೇಡ ಅಕ್ಕ, ಮನೆ ನಿಮ್ಮದು" ಎಂದು ಹೇಳಿ ಬಂದುಬಿಟ್ಟಳು. ಲೋಕಯ್ಯ ಕೂಗಾಡಿದ, ಬೆಲೆ ಏರುವಾಗ ಕೈಯಲ್ಲಿದ್ದದ್ದನ್ನು ಬಿಟ್ಟೆಯಲ್ಲ ಎಂದು ಊಟ ಬಿಟ್ಟ. ಮಾಯಿಲಪ್ಪ ದಮಯಂತಕ್ಕನ ಮುಖಕ್ಕೆ ಹಿತ್ತಿಲ ಬಾಗಿಲು ಹಾಕಿದ. ಆಕೆ ಆ ಬೀದಿಯಲ್ಲಿ ಬುಟ್ಟಿ ಇಳಿಸುವುದನ್ನೇ ಬಿಟ್ಟಳು. ಮುದ್ದು ಬಿಡಾರದ ಮೊಳೆಯಿಲ್ಲದ ಗೋಡೆ ನೋಡುತ್ತ ಕೆಲವು ದಿನ ಅತ್ತಳು. ಆದರೆ ದಮಯಂತಕ್ಕನ ಮೇಲೆ ಒಂದು ಗಳಿಗೆಯೂ ಸಿಟ್ಟು ಬರಲಿಲ್ಲ. ಇನ್ನೊಬ್ಬಳ ಒಲೆ ಆರಿಸಿ ತನ್ನ ಒಲೆ ಹಚ್ಚುವುದು ತಪ್ಪಿತಲ್ಲ ಎಂದು ಸಮಾಧಾನವೇ ಆಯಿತು.

ಕಿನ್ನಿಯಕ್ಕನ ಮಗಳಿಗೆ ಕೂಳೂರಿನಲ್ಲಿ ಸಂಬಂಧ ಕೂಡಿಬಂತು. ಮದುವೆಯ ಗಲಾಟೆ ಮುಗಿದ ಮೇಲೆ ಕಿನ್ನಿಯಕ್ಕ ತಾನೇ ಮುದ್ದುವಿನ ಬಿಡಾರಕ್ಕೆ ಬಂದಳು.

"ಮಗಳು ತನ್ನ ಹತ್ತಿರವೇ ಇರು ಅಂತಾಳೆ. ಅಲ್ಲೊಂದು ಸಣ್ಣ ಮನೆ ನೋಡಿದ್ದೇನೆ. ಅದು ನನ್ನ ಹೆಸರಿಗೆ ಆದ ಮೇಲೆ ಇದನ್ನು ನಿನಗೆ ಕೊಡ್ತೇನೆ. ಹಳೇ ಬೆಲೆಗೇ. ಮಗಳೂ ಒಪ್ಪಿದ್ದಾಳೆ, ತಮ್ಮನಿಗೂ ಹೇಳಿ ಆಗಿದೆ."

"ಈಗ ಬೆಲೆ ಹೆಚ್ಚಾಗಿದೆಯಲ್ಲ ಅಕ್ಕ?"

"ಆ ಮನೆಯ ವಿಷಯದಲ್ಲಿ ನನ್ನನ್ನು ಕೇಳಿದವಳು ನೀನೊಬ್ಬಳೇ. ಅಡಿಗೆಕೋಣೆ ಸ್ವಲ್ಪ ಸೋರುತ್ತದೆ, ಅದನ್ನೂ ಹೇಳಿಬಿಡ್ತೇನೆ. ಇಲ್ಲದಿದ್ರೆ ದಮಯಂತಕ್ಕ ಬೈತಾಳೆ."

ಮುದ್ದು ಅವಳ ಕಾಲಿಗೆ ಬಿದ್ದಳು. ಆಮೇಲೆ ಮೈಲಿಗೆ, ವಾಸನೆ ಒಂದೂ ನೋಡದೆ ಸುದ್ದಿ ಹೇಳಲು ಬೋಳೂರಿನ ದಮಯಂತಕ್ಕನ ಮನೆಗೆ ನಡೆದುಕೊಂಡೇ ಹೋದಳು.

ಹೊಸ ಮನೆಯ ಒಕ್ಕಲಿನ ದಿನ ಹಾಲು ಉಕ್ಕಿಸಲು ಕಿನ್ನಿಯಕ್ಕನೇ ಬಂದಿದ್ದಳು. ದಮಯಂತಕ್ಕ ಅಂದು ಬುಟ್ಟಿಯಿಲ್ಲದೆ, ಮಡಿಚಿಟ್ಟಿದ್ದ ಸೀರೆ ಉಟ್ಟು, ಬಾಳೆನಾರಿನಲ್ಲಿ ಕಟ್ಟಿದ ಒಂದು ಅಟ್ಟೆ ಮಲ್ಲಿಗೆ ಹಿಡಿದು ಬಂದಳು, ಬಂದದ್ದು ಹಿತ್ತಿಲಿಗೆ. ಮುದ್ದು ಓಡಿಹೋಗಿ ಅವಳನ್ನು ತಡೆದಳು.

"ಇವತ್ತು ಈ ಬಾಗಿಲಿಲ್ಲ ದಮಯಂತಕ್ಕ. ಮುಂದಿನಿಂದ ಬನ್ನಿ. ಇವತ್ತು ಮಾತ್ರ ಅಲ್ಲ, ಯಾವತ್ತೂ."

ನೆರೆಯವರು ಮುಖ ಮುಖ ನೋಡಿಕೊಂಡರು. ಲೋಕಯ್ಯನೇ ಮೆಟ್ಟಿಲ ಬಳಿ ಕಾಲಿಗೆ ನೀರು ಕೊಟ್ಟ. ದಮಯಂತಕ್ಕ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಚಾವಡಿಗೆ ಬಂದು ನಿಂತುಬಿಟ್ಟಳು. ಆಚೆ ನೋಡಿದಳು, ಈಚೆ ನೋಡಿದಳು.

"ಇಲ್ಲಿಂದ ಅಡಿಗೆಕೋಣೆ ಎಲ್ಲಾಯಿತು ಮಾರಾಯ್ತಿ?"

ತಮಾಷೆಯೆಂದುಕೊಂಡು ಮುದ್ದು ನಕ್ಕಳು. ಆಕೆಯ ದಿಕ್ಕು ತಪ್ಪಿದ ಮುಖ ನೋಡಿದ ಮೇಲೆ ನಗು ನಿಂತಿತು. ಕಣ್ಣೊರೆಸಿಕೊಂಡು ದಮಯಂತಕ್ಕನ ಕೈ ಹಿಡಿದು, ಮನೆಯನ್ನು ಮುಂದಿನಿಂದ ಒಂದೊಂದೇ ಕೋಣೆಯಾಗಿ ತೋರಿಸುತ್ತ ಒಳಗೆ ಕರೆದುಕೊಂಡು ಹೋದಳು.