ಸಭಾಂಗಣದ ಕುದುರೆಗಳೂ ಶಿಲ್ಪಿಗಳ ಕನ್ನಡಕವೂ

ಎಣ್ಣೆಬಣ್ಣದಲ್ಲಿ ಕಲ್ಲು ಕೆತ್ತಬಲ್ಲವರು ನಮ್ಮ ಕಲಾಶಾಲೆಯಲ್ಲಿ ಒಬ್ಬರೇ. ಬೂದು, ಬಿಳುಪು ಬಿಟ್ಟು ಬೇರೆ ಬಣ್ಣ ಮುಟ್ಟದೆ, ಪುರಾತನ ಉಬ್ಬುಶಿಲ್ಪವೇ ಕ್ಯಾನ್ವಾಸಿನಿಂದ ಎದ್ದು ಬಂದಂತೆ ಚಿತ್ರಿಸುವ ಈ ಮಾನ್ಯರನ್ನು ವಿದ್ಯಾರ್ಥಿಗಳಾದ ನಾವು ‘ಕಲ್ಲು ಮೇಷ್ಟ್ರು’ ಎನ್ನುತ್ತಿದ್ದುದು ಅವರಿಗೆ ತಿಳಿಯದೆಂದೇ ಬಹುಕಾಲ ನಂಬಿದ್ದೆವು. ತಿಳಿದಿತ್ತಂತೆ, ಒಳಗೊಳಗೇ ಹಿಗ್ಗುತ್ತಿದ್ದರಂತೆ.

ಅವರು ಸೇವೆಗೆ ಸೇರಿದ ಹೊಸತರಲ್ಲೇ ಆಪ್ತಮಿತ್ರರಾದ ಶಿಲ್ಪವಿಭಾಗದ ಮುಖ್ಯಸ್ಥರು ಅಂದಿದ್ದರು: “ನೋಡಯ್ಯ, ನೆರಳು ಬಳಿದುಬಿಟ್ರೆ ಕಲ್ಲಾಗಲ್ಲ. ಉಳಿ ಹಿಡಿದವನ ಕಣ್ಣಿಗೆ ಮಣ್ಣೆರಚೋಕೆ ನಿನ್ನಿಂದಾಗಲ್ಲ.” ಆ ಮಾತು ಮೇಷ್ಟ್ರ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ತರಗತಿಯಲ್ಲಿ ಅವರಷ್ಟು ಕರುಣಾಳು ಇನ್ನೊಬ್ಬರಿಲ್ಲ, ಬಣ್ಣ ಕೊಳ್ಳಲಾಗದ ವಿದ್ಯಾರ್ಥಿಯ ಪೆಟ್ಟಿಗೆಗೆ ತಮ್ಮದೇ ಬಿಳಿಬಣ್ಣದ ಟ್ಯೂಬನ್ನು ಸದ್ದಿಲ್ಲದೆ ಸೇರಿಸಿ, ಆಮೇಲೆ “ನನ್ನ ಟ್ಯೂಬ್ ಎಲ್ರೋ?” ಎಂದು ತಾವೇ ಗದರುತ್ತಿದ್ದರು. ಮನೆಗೆ ಹೋದರೆ ಮಾತ್ರ, ಆ ಶಿಲ್ಪಿಯನ್ನು ಒಮ್ಮೆಯಾದರೂ ಬೇಸ್ತು ಬೀಳಿಸಬೇಕೆಂಬ ಒಂದೇ ಜಪ.

ಸಭಾಂಗಣದ ಗೋಡೆಗೆಂದು ಅವರು ಬರೆದ ಕುದುರೆಗಳ ಸಾಲಿನ ಚಿತ್ರ ಆ ಜಪದ ಫಲ. ಎಡಗಡೆಯ ಕಿಟಕಿಯ ಬೆಳಕಿಗೆ ತಕ್ಕಂತೆ ಒಂದೊಂದು ನೆರಳನ್ನೂ ಹೊಂದಿಸಿದ್ದರು. ಗೋಡೆಗೆ ಸುಣ್ಣ ಬಳಿಸಿದ ಪ್ರಾಂಶುಪಾಲರು ಚಿತ್ರವನ್ನು ಎದುರು ಗೋಡೆಗೆ ಹಾಕಿಸಿದರು. ಬೆಳಕು ಬಲದಿಂದ ಬಿದ್ದದ್ದೇ ತಡ, ಉಬ್ಬಿದ್ದ ಹೊಟ್ಟೆಗಳೆಲ್ಲ ಹಳ್ಳಬಿದ್ದವು. “ಪಾಪ, ಮೇವಿಲ್ಲ ಅಂತ ಕಾಣುತ್ತೆ,” ಎಂದರು ಆ ಮುಖ್ಯಸ್ಥ ಶಿಲ್ಪಿಗಳು. ಮೇಷ್ಟ್ರ ನಿವೃತ್ತಿಗೆ ತಿಂಗಳಷ್ಟೇ ಉಳಿದಿತ್ತು. ಅವರಿಗೆ ಅನ್ನ ಸೇರದಾಯಿತು.

ಕೊನೆಗೆ ಅವರ ಮನೆಯವರೇ ರೇಗಿದರು: “ಪ್ರಾಂಶುಪಾಲರ ಹತ್ರ ನೀವು ಹೋಗ್ತೀರೋ, ನಾನೇ ಹೋಗ್ಲೋ?” ಮೇಷ್ಟ್ರೇ ಹೋದರು. ಚಿತ್ರ ಹಳೆಯ ಗೋಡೆಗೆ ಮರಳಿತು, ಕುದುರೆಗಳು ಮೈತುಂಬಿಕೊಂಡವು. ಆ ಹುರುಪಿನಲ್ಲಿ ಮೇಷ್ಟ್ರು ಚಿತ್ರದ ಕೆಳಗಡೆ ಹೊರಚಾಚಿದಂತೆ ಕಾಣುವ ಅಂಗೈಯಗಲದ ಕಲ್ಲಿನ ಅಂಚೊಂದನ್ನೂ ಬರೆದು ಸೇರಿಸಿದರು.

ಬೀಳ್ಕೊಡುಗೆಯ ದಿನ ಅದೇ ಚಿತ್ರದ ಮುಂದೆ ನಿಂತು ಮಿತ್ರನ ಗುಣಗಾನ ಮಾಡುತ್ತಿದ್ದ ಶಿಲ್ಪಿಗಳು ಕಣ್ಣೊರೆಸಿಕೊಳ್ಳಲೆಂದು ಕನ್ನಡಕ ತೆಗೆದು, ಪಕ್ಕದ ಕಲ್ಲಿನ ಅಂಚಿನ ಮೇಲೆ ಜೋಪಾನವಾಗಿ ಇಟ್ಟರು. ಕನ್ನಡಕ ನೆಲಕ್ಕೆ ಬಿದ್ದು ಚೂರಾಯಿತು. ಶಿಲ್ಪಿಗಳು ಕ್ಯಾನ್ವಾಸನ್ನು ನಿಧಾನವಾಗಿ ಸವರಿ ನೋಡಿ, “ಅಂಚು ಸ್ವಲ್ಪ ಓರೆಯಾಗಿದೆ ಕಣಯ್ಯ,” ಎಂದರು. ವೇದಿಕೆಯ ಮೇಲೆ ಹಾರ ಹಾಕಿಕೊಂಡು ಕೂತಿದ್ದ ಮೇಷ್ಟ್ರು ಸಂತೋಷ ತಾಳಲಾರದೆ ಮಗುವಿನ ಹಾಗೆ ಅತ್ತುಬಿಟ್ಟರು.

ಮರುದಿನವೇ ಬಂದು ಆ ಅಂಚಿನ ಮೇಲೆ ಒಂದು ಕನ್ನಡಕವನ್ನೂ ಬರೆದು ಹೋದರು. ಮೇಷ್ಟ್ರ ಆಯುರಾರೋಗ್ಯ ವೃದ್ಧಿಸಲಿ, ಕುಂಚ ಒಣಗದಿರಲಿ. ಶಿಲ್ಪಿಗಳಿಗೂ ಅಷ್ಟೇ ಆಯುಸ್ಸನ್ನು ಹಾರೈಸುತ್ತೇವೆ. ಕಳೆದ ವಾರ ಅವರು ಆ ಕನ್ನಡಕವನ್ನು ಎತ್ತಿಕೊಳ್ಳಲು ಕೈ ಚಾಚಿದ್ದನ್ನು ನಮ್ಮ ಜವಾನ ಕಣ್ಣಾರೆ ಕಂಡಿದ್ದಾನೆ.