ಎರಡನೇ ಬಾಟಲಿಯ ಬಣ್ಣ

ಆ ಹುಡುಗಿ ನನಗೆ ಕನ್ನಡದಲ್ಲೇ ಉತ್ತರ ಕೊಟ್ಟಳು ಎಂದು ಬಹಳ ಕಾಲ ನಂಬಿದ್ದೆ. ಈಗ ನಂಬುವುದಿಲ್ಲ. ಅದು ಪ್ರಾಯೋಗಿಕ ಪರೀಕ್ಷೆ. ನನ್ನ ಪಕ್ಕದಲ್ಲಿ ಬೇರೆ ಕಾಲೇಜಿನಿಂದ ಬಂದ ಹಿರಿಯ ಪರೀಕ್ಷಕರು ಕೂತಿದ್ದರು. ಅವಳ ಮಾತು ಕೇಳಿ ಅವರು ನಕ್ಕರು. ಅವರಿಗೆ ಕನ್ನಡ ಬಾರದು. ಹಾಗಿದ್ದ ಮೇಲೆ ಅವಳು ಇಂಗ್ಲಿಷಿನಲ್ಲೇ ಹೇಳಿರಬೇಕು. ಆದರೂ ನನ್ನ ಕಿವಿಯಲ್ಲಿ ಉಳಿದಿರುವುದು ಕನ್ನಡದ್ದೇ: "ಗೊತ್ತಾಯ್ತು ಮ್ಯಾಮ್. ಆದ್ರೆ ಬಂದಿದ್ದೇ ಅದು."

ಮನಸ್ಸು ಹೀಗೆ ಅನುವಾದ ಮಾಡಿಟ್ಟುಕೊಂಡದ್ದನ್ನು ಸಾಕ್ಷಿ ಎಂದು ಹೇಗೆ ನಂಬುವುದು? ಅದಕ್ಕೇ ನನಗೆ ಖಾತ್ರಿ ಇರುವುದನ್ನು ಮಾತ್ರ ಬರೆಯಲು ನೋಡುತ್ತೇನೆ.

ಕೊಲ್ಕತ್ತದ ಒಂದು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಹುಡುಗಿ ಆನರ್ಸ್ ಕೊನೆಯ ವರ್ಷದಲ್ಲಿದ್ದಳು. ಕನ್ನಡದವರ ಮಗಳು, ಇದೇ ಊರಿನ ಬೆಹಾಲಾ ಬಡಾವಣೆಯಲ್ಲಿ ಹುಟ್ಟಿ ಬೆಳೆದವಳು. ನಾವೂ ಅಲ್ಲೇ ಇರುವುದರಿಂದ ಅವಳ ತಾಯಿ ತರಕಾರಿ ಕೊಳ್ಳುವಾಗ ಸಿಗುತ್ತಿದ್ದರು, ಮಂಗಳೂರು ಕಡೆಯ ಕನ್ನಡದಲ್ಲಿ ನಿಂತು ಮಾತಾಡುತ್ತಿದ್ದರು. ಮಗಳಿಗೆ ಎಲ್ಲವೂ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ.

ಯಾರಿಗೆ ಯಾವ ಪ್ರಯೋಗ ಎಂದು ಚೀಟಿ ಎತ್ತಿದಾಗ ಅವಳಿಗೆ ಬಂದದ್ದು ಬಣ್ಣಗಳ ಪ್ರಯೋಗ. ಕಾಗದದ ಮೇಲೆ ಅದರ ಪಾಠ ಸರಳವಾಗಿದೆ. ಎರಡು ಗೋಡೆಗಳ ನಡುವೆ, ಒಂದೇ ಗೆರೆಯ ಮೇಲೆ ಅತ್ತಿತ್ತ ಓಡಾಡುವ ಒಂದು ಕಣ. ಗೋಡೆ ದಾಟುವಂತಿಲ್ಲ. ಹಾಗೆ ಡಬ್ಬಿಯಲ್ಲಿ ಸಿಕ್ಕಿಬಿದ್ದ ಕಣಕ್ಕೆ ಇಷ್ಟ ಬಂದಷ್ಟು ಶಕ್ತಿ ಇರಲಾರದು. ಏಣಿಯ ಮೆಟ್ಟಿಲುಗಳ ಹಾಗೆ ಗೊತ್ತಾದ ಕೆಲವು ಶಕ್ತಿಗಳು ಮಾತ್ರ, ನಡುವೆ ಕಾಲಿಡಲು ಜಾಗವಿಲ್ಲ. ಡಬ್ಬಿ ಉದ್ದವಾದಷ್ಟೂ ಮೆಟ್ಟಿಲುಗಳು ಹತ್ತಿರ ಸರಿಯುತ್ತವೆ. ಪ್ರಯೋಗಶಾಲೆಯಲ್ಲಿ ಈ ಡಬ್ಬಿ ಎಂದರೆ ಒಂದು ಬಣ್ಣದ ಅಣು: ಇಂಗಾಲದ ಪರಮಾಣುಗಳ ಸರಪಳಿ, ಅದರ ಈ ತುದಿಯಿಂದ ಆ ತುದಿಗೆ ಓಡಾಡುವ ಎಲೆಕ್ಟ್ರಾನುಗಳು. ಮೇಲಿನ ಮೆಟ್ಟಿಲಿಗೆ ಹೋಗಲು ಎಲೆಕ್ಟ್ರಾನು ಬೆಳಕನ್ನು ನುಂಗುತ್ತದೆ. ಸರಪಳಿ ಗಿಡ್ಡವಾಗಿದ್ದರೆ ಹಸಿರು ಬೆಳಕು. ಉದ್ದವಾದಂತೆ ಅದು ನುಂಗುವ ಬೆಳಕು, ಶಕ್ತಿ ಕಡಿಮೆಯಿರುವ ಕೆಂಪಿನ ಕಡೆಗೆ ಸರಿಯುತ್ತದೆ. ನಿಜವಾದ ಅಣುವಿಗೆ ಅಷ್ಟು ಗಟ್ಟಿ ಗೋಡೆಗಳಿಲ್ಲ, ಲೆಕ್ಕಕ್ಕೂ ಅಳತೆಗೂ ಸ್ವಲ್ಪ ವ್ಯತ್ಯಾಸ ಬಂದೇ ಬರುತ್ತದೆ. ಆದರೆ ಕ್ರಮ ಮಾತ್ರ ಎಂದೂ ತಪ್ಪುವುದಿಲ್ಲ.

ಮೇಜಿನ ಮೇಲೆ ಮೂರು ಕಂದು ಗಾಜಿನ ಬಾಟಲಿಗಳು. ಒಂದನೆಯದರಲ್ಲಿ ಗಿಡ್ಡ ಸರಪಳಿ, ಎರಡನೆಯದರಲ್ಲಿ ನಡುವಿನದು, ಮೂರನೆಯದರಲ್ಲಿ ಉದ್ದದ್ದು. ನಮ್ಮ ಯಂತ್ರ ಹಳೆಯದು. ಗುಂಡಿ ತಿರುಗಿಸಿ ಬೆಳಕಿನ ಬಣ್ಣ ಬದಲಾಯಿಸುತ್ತ, ಮುಳ್ಳು ಎಲ್ಲಿ ಅತಿ ಹೆಚ್ಚು ಏರಿತೆಂದು ನೋಡಿ ಕೈಯಿಂದ ಬರೆದುಕೊಳ್ಳಬೇಕು. ಅದು ಏನನ್ನೂ ಮುದ್ರಿಸಿಕೊಡುವುದಿಲ್ಲ. ಯಾರು ಏನು ಕಂಡರು ಎಂಬುದಕ್ಕೆ ಅವರ ಮಾತೇ ಆಧಾರ.

ಹುಡುಗಿಯ ಅಳತೆಯಲ್ಲಿ ಎರಡನೇ ಬಾಟಲಿ ದೂರದ ಕೆಂಪನ್ನು ನುಂಗುತ್ತಿತ್ತು, ಮೂರನೆಯದು ಅದಕ್ಕಿಂತ ಎಷ್ಟೋ ಹಿಂದೆ ಉಳಿದಿತ್ತು. ಎಂದರೆ ಉದ್ದದ ಡಬ್ಬಿಗೆ ಹೆಚ್ಚು ಶಕ್ತಿ ಬೇಕು ಎಂದಾಯಿತು.

"ಹೊಸ ವಿಜ್ಞಾನವನ್ನೇ ಶುರು ಮಾಡಿಬಿಟ್ಟೆಯಲ್ಲ ಮಾ!" ಎಂದರು ಪರೀಕ್ಷಕರು. ಇಲ್ಲಿನ ಹಿರಿಯರು ಹುಡುಗಿಯರನ್ನು ಕರೆಯುವುದೇ ಹಾಗೆ. "ಉಲ್ಟಾ ಬಂದಿದೆ ಅಂತ ನಿನಗೆ ಗೊತ್ತಾಗಲಿಲ್ಲವೇ?"

ಆಗ ಅವಳು ನನ್ನ ಕಡೆ ತಿರುಗಿ ಆ ಮಾತು ಹೇಳಿದ್ದು. ಗೊತ್ತಾಯ್ತು, ಆದರೆ ಬಂದಿದ್ದೇ ಅದು.

ಮೊದಲ ಸಂಶಯ ನನಗೆ ಅವಳ ಮೇಲೆಯೇ ಬಂತು. ಪ್ರಾಯೋಗಿಕ ತರಗತಿಗಳನ್ನು ಅವಳು ಬೇಕಾದಷ್ಟು ತಪ್ಪಿಸಿದ್ದಳು. ನಮ್ಮ ಪ್ರಯೋಗಶಾಲೆಯಲ್ಲಿ ಒಂದು ಮಾತು ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ಇಳಿದು ಬರುತ್ತದೆ: 'ಮಿಲಿಯೇ ದಾವ್', ಹೊಂದಿಸಿಬಿಡು. ಬರಬೇಕಾದ ಸಂಖ್ಯೆ ಮೊದಲೇ ಗೊತ್ತಿರುತ್ತದೆ, ಅಳತೆಯನ್ನು ಅದಕ್ಕೆ ತಕ್ಕಂತೆ ಬರೆದರಾಯಿತು. ಇವಳು ಯಾರದೋ ಹಳೆಯ ಸಂಖ್ಯೆಗಳನ್ನು ನೆನಪಿಟ್ಟುಕೊಂಡು ಬಂದು ಸಾಲು ತಪ್ಪಿ ಬರೆದಿದ್ದಾಳೆ ಎಂದುಕೊಂಡೆ. ಪರೀಕ್ಷಕರಿಗೂ ಹಾಗೇ ಅನಿಸಿತ್ತು. "ಪ್ರಯೋಗವನ್ನೇ ಮಾಡಿಲ್ಲ. ಸೊನ್ನೆ," ಎಂದರು. ಸೊನ್ನೆ ಎಂದರೆ ಫೇಲು. ಅವಳಿಗೆ ಬೇರೆ ಊರಿನಲ್ಲಿ ಎಂ.ಎಸ್ಸಿ.ಗೆ ಸೀಟು ಸಿಕ್ಕಿತ್ತು. ಫೇಲಾದರೆ ಆ ಸೀಟು ಹೋಗುತ್ತದೆ, ಒಂದು ವರ್ಷವೂ ಹೋಗುತ್ತದೆ.

ಮರುದಿನ ಎರಡನೇ ತಂಡದ ಪರೀಕ್ಷೆ ಮುಗಿದ ಮೇಲೆ ಇಬ್ಬರೂ ಅಂಕಗಳಿಗೆ ಸಹಿ ಮಾಡುವುದೆಂದಾಯಿತು.

ಎಸ್ಪ್ಲನೇಡಿನಲ್ಲಿ ಬೆಹಾಲಾ ಬಸ್ಸಿಗೆ ಕಾಯುತ್ತ ನಿಂತಾಗ ಒಂದು ಯೋಚನೆ ಬಂತು. ಹೊಂದಿಸಿ ಬರೆಯುವವರು ಸರಿಯಾದ ಉತ್ತರಕ್ಕೆ ಹೊಂದಿಸುತ್ತಾರೆ. ತಪ್ಪು ಉತ್ತರಕ್ಕೆ ಯಾರಾದರೂ ಹೊಂದಿಸುತ್ತಾರೆಯೇ? ಅದರ ಹಿಂದೆಯೇ ಇನ್ನೊಂದು ಯೋಚನೆ. ಆ ದಿನ ಅದೇ ಪ್ರಯೋಗ, ಅದೇ ಬಾಟಲಿಗಳು ಒಬ್ಬ ಹುಡುಗನಿಗೂ ಬಂದಿದ್ದವು, ತರಗತಿಗೇ ಮೊದಲಿಗ. ಅವನ ಅಳತೆಗಳು ಚೆಂದವಾಗಿದ್ದವು, ಅವನ ಗ್ರಾಫಿನ ಗೆರೆ ಎಲ್ಲೂ ತಡವರಿಸಿರಲಿಲ್ಲ. ನಮ್ಮ ಯಂತ್ರದ ಮುಳ್ಳು ಹೊರಗೆ ರಸ್ತೆಯಲ್ಲಿ ಟ್ರಾಮ್ ಹೋದರೂ ನಡುಗುತ್ತದೆ. ಅವನಿಗೆ ಮಾತ್ರ ಅದು ಯಾಕೆ ನಡುಗಲಿಲ್ಲ?

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಧಾರವಾಡದವರು, ಸೆಕ್ಟರ್ ಫೈವ್‌ನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ. ದಿನವಿಡೀ ಬೇರೆಯವರ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕಿ ಬಂದವರು ಮನೆಯಲ್ಲೂ ಅದೇ ಕೆಲಸ ಮುಂದುವರಿಸುತ್ತಾರೆ.

"ಬಂತಾ ಮತ್ತ ನಿನ್ನ ಡಬ್ಬಿ ಕತಿ?" ಎಂದರು ಶೂ ಬಿಚ್ಚುತ್ತ.

"ತಮಾಷೆ ಬೇಡ ರೀ. ಸುಳ್ಳು ಬರೆಯೋರು ಸರಿ ಉತ್ತರ ತಾನೆ ಬರೀತಾರೆ?"

"ಸುಳ್ಳು ಬರ್ಯಾಕೂ ಬುದ್ಧಿ ಬೇಕಲ್ಲ. ಅದೂ ಇಲ್ಲದಾವ್ರು ತಪ್ಪು ಬರೀತಾರ."

"ಅವಳು ಅಂಥವಳಲ್ಲ."

"ಹೆಂಗ ಗೊತ್ತು? ಅವರವ್ವ ಸಂತ್ಯಾಗ ಸಿಕ್ಕು ಕನ್ನಡ ಮಾತಾಡ್ತಾರ, ಅದಕ್ಕ? ಅದ ಬಂಗಾಲಿ ಹುಡುಗಿ ಆಗಿದ್ರ ನೀ ಇಷ್ಟೊತ್ತಿಗೆ ಮರತು ಚಹಾ ಕುಡೀತಿದ್ದಿ."

ನನಗೆ ಸಿಟ್ಟು ಬಂತು. ಅವರು ಹೇಳಿದ್ದು ಸುಳ್ಳೆಂದು ಖಾತ್ರಿಯಿಂದ ಹೇಳಲಾಗದ್ದಕ್ಕೆ ಬಂದ ಸಿಟ್ಟು ಅದು. ಹುಡುಗನ ಗೆರೆಯ ಮೇಲೆ ಸಂಶಯ ಪಟ್ಟದ್ದೂ ಅವಳನ್ನು ಉಳಿಸಿಕೊಳ್ಳುವ ಆಸೆಯಿಂದಲೇ ಇರಬಹುದಲ್ಲ? ಟ್ರಾಮಿಗೆ ಮುಳ್ಳು ನಡುಗುವುದನ್ನು ನಾನು ನಿಜವಾಗಿ ಎಂದಾದರೂ ನೋಡಿದ್ದೆನೇ, ಅಥವಾ ಆ ಸಂಜೆಯೇ ಹುಟ್ಟಿಸಿಕೊಂಡೆನೇ?

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಪ್ರಯೋಗಶಾಲೆಗೆ ಹೋದೆ. ಅವಳು ಕಂಡದ್ದನ್ನೇ ಬರೆದಿದ್ದರೆ ತಪ್ಪು ಬಾಟಲಿಯಲ್ಲಿರಬೇಕು. ಎರಡನೇ ಮತ್ತು ಮೂರನೇ ಬಾಟಲಿಗಳಿಂದ ಸ್ವಲ್ಪ ಸ್ವಲ್ಪ ದ್ರಾವಣವನ್ನು ಗಾಜಿನ ಪುಟ್ಟ ಕೊಳವೆಗಳಿಗೆ ಸುರಿದು ಕಿಟಕಿಯ ಬೆಳಕಿಗೆ ಹಿಡಿದೆ. ಎರಡೂ ತೆಳು ನೀಲಿ. ದೂರದ ಕೆಂಪನ್ನು ನುಂಗುವ ಉದ್ದದ ಸರಪಳಿಯಾದರೆ ಆ ನೀಲಿಗೆ ಸ್ವಲ್ಪ ಹಸಿರು ಬೆರೆತಿರಬೇಕು. ಎರಡನೆಯದರಲ್ಲಿ ಹಸಿರಿನ ಛಾಯೆ ಇದೆ ಅನಿಸಿತು. ಇದೆ ಅನಿಸಲಿ ಎಂದು ನಾನು ಬಯಸುತ್ತಿದ್ದೇನೆ ಎಂದೂ ಅನಿಸಿತು. ನಾನೇ ಯಂತ್ರದ ಮುಂದೆ ಕೂತರೆ ನನಗೆ ಬೇಕಾದಲ್ಲೇ ಮುಳ್ಳು ಏರಿದ್ದು ಕಂಡೀತು.

ಹೊರಗಿನ ಪರೀಕ್ಷಕರು ಬಂದರೆ ತಿಂಡಿ ಕೊಟ್ಟು ಕೂರಿಸುವುದು ಇಲ್ಲಿನ ರೂಢಿ. ಅವರು ಬಂದು ಕಚೂರಿಯ ಪೊಟ್ಟಣ ಬಿಚ್ಚುತ್ತಿದ್ದಂತೆ ನಾನು ಎರಡು ಕೊಳವೆಗಳನ್ನು ಮುಂದಿಟ್ಟೆ. ಯಾವುದು ಯಾವ ಬಾಟಲಿಯದು ಎಂದು ಹೇಳಲಿಲ್ಲ.

"ದಾದಾ, ಇವೆರಡನ್ನೂ ನೀವೇ ಅಳೆದು ಹೇಳಬೇಕು."

"ಪರೀಕ್ಷೆ ನನಗೋ? ನನ್ನ ಮೇಲೂ ಸಂಶಯವೇ ಮ್ಯಾಡಮ್?"

"ನನ್ನ ಮೇಲೆ."

"ಕಚೂರಿ ತಣ್ಣಗಾದರೆ ಅದಕ್ಕೂ ನೀವೇ ಹೊಣೆ," ಎಂದು ಕೈ ಒರೆಸಿಕೊಂಡು ಎದ್ದರು. ನನ್ನ ಮುಖ ನೋಡಿ ಅವರಿಗೆ ಏನೂ ಗೊತ್ತಾಗಬಾರದೆಂದು ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಹಿಂದೆ ಗುಂಡಿ ತಿರುಗುವ ಸದ್ದು ಕೇಳುತ್ತಿತ್ತು.

"ಇದು ದೂರದ ಕೆಂಪಿನಲ್ಲಿ ಏರಿತು. ಇದು ನಿಮ್ಮ ಮೂರನೆಯದು."

"ಎರಡನೆಯದು," ಎಂದೆ.

ಅವರು ನಂಬಲಿಲ್ಲ. ನಾನು ಸುರಿಯುವಾಗ ಅದಲುಬದಲು ಮಾಡಿದ್ದೇನೆ ಎಂದರು. ಕೊಳವೆಗಳನ್ನು ತೊಳೆದು, ಬಾಟಲಿಗಳಿಂದ ತಾವೇ ಸುರಿದುಕೊಂಡು ಮತ್ತೆ ಅಳೆದರು. ಮತ್ತೆ ಅದೇ ಬಂತು. ಎರಡನೇ ಬಾಟಲಿಯಲ್ಲಿ ಇದ್ದದ್ದು ಉದ್ದದ ಸರಪಳಿ. ಕೊಲ್ಕತ್ತದ ತೇವಕ್ಕೆ ಬಾಟಲಿಯ ಚೀಟಿಗಳು ನಿಲ್ಲುವುದಿಲ್ಲ, ಕಳಚಿ ಬಿದ್ದುದನ್ನು ಯಾರೋ ಮತ್ತೆ ಅಂಟಿಸಿದ್ದರು. ಪ್ರಯೋಗಶಾಲೆಯ ಸಹಾಯಕರು "ನಾನಲ್ಲ" ಎಂದರು. ನಾನೂ "ನಾನಲ್ಲ" ಎಂದೆ. ಇಬ್ಬರ ದನಿಯೂ ಅಷ್ಟು ಗಟ್ಟಿಯಾಗಿರಲಿಲ್ಲ.

ಹುಡುಗಿ ಪ್ರಯೋಗ ಮಾಡಿದ್ದಳು, ಕಂಡದ್ದನ್ನೇ ಬರೆದಿದ್ದಳು. ನನಗೆ ಹಗುರಾಯಿತು. ಪರೀಕ್ಷಕರು ಮಾತ್ರ ಹುಡುಗನ ಉತ್ತರ ಪತ್ರಿಕೆಯನ್ನು ಎಳೆದುಕೊಂಡರು.

"ಹಾಗಾದರೆ ಇವನಿಗೆ ಎರಡನೇ ಬಾಟಲಿಯಲ್ಲಿ ಸರಿಯಾದ ಸಂಖ್ಯೆ ಎಲ್ಲಿಂದ ಬಂತು?"

ಹುಡುಗನನ್ನು ಕರೆಸಿದೆವು. ಅವನು ಬರುವ ಹೊತ್ತಿಗೆ ಬಾಟಲಿಯ ಸುದ್ದಿ ಕಾರಿಡಾರಿನಲ್ಲೆಲ್ಲ ಹರಡಿತ್ತು. ಅವನ ಕಿವಿಗೆ ಬಿದ್ದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅವನು ತಡಮಾಡದೆ ಹೇಳಿದ: "ನನಗೂ ಉಲ್ಟಾನೇ ಬಂತು ಮ್ಯಾಮ್. ಸರಪಳಿ ಉದ್ದವಾದ್ರೆ ಹಾಗೆ ಬರೋಕೆ ಆಗೋದೇ ಇಲ್ಲ. ಚೀಟಿ ತಪ್ಪಿದೆ ಅಂತ ಗೊತ್ತಾಯ್ತು, ಸರಿಮಾಡಿ ಬರೆದೆ."

"ನಮಗೆ ಯಾಕೆ ಹೇಳಲಿಲ್ಲ?"

"ಪರೀಕ್ಷೆಯಲ್ಲಿ ನಿಂತು, ನಿಮ್ಮ ಬಾಟಲಿ ತಪ್ಪು ಅಂತ ನಿಮಗೇ ಹೇಳೋದಾ ಮ್ಯಾಮ್?"

ಪರೀಕ್ಷಕರು ಜೋರಾಗಿ ನಕ್ಕರು. ನನಗೆ ನಗು ಬರಲಿಲ್ಲ. ಅವನು ಹೇಳಿದ್ದು ನಿಜವಾಗಿದ್ದರೆ, ಆ ಕೋಣೆಯಲ್ಲಿ ಪಾಠವನ್ನು ಪೂರ್ತಿ ನಂಬಿ ಅದನ್ನು ಬಳಸಿದವನು ಅವನೊಬ್ಬನೇ. ನಾನಾಗಲಿ ಪರೀಕ್ಷಕರಾಗಲಿ ಬಾಟಲಿಯ ಮೇಲೆ ಸಂಶಯ ಪಡುವ ಮೊದಲು ಹುಡುಗಿಯ ಮೇಲೆ ಪಟ್ಟಿದ್ದೆವು. ಸುಳ್ಳಾಗಿದ್ದರೆ, ಅವನು ಬಾಟಲಿಯನ್ನು ಮುಟ್ಟದೆ ಕೈಪಿಡಿಯ ಸಂಖ್ಯೆ ಬರೆದಿದ್ದಾನೆ, ಈಗ ಅದಕ್ಕೊಂದು ಕಾರಣ ಸಿಕ್ಕಿದೆ.

ಅವನನ್ನು ಹಿಡಿಯಲು ಒಂದು ಪ್ರಶ್ನೆ ಹುಡುಕಿದೆ. ನಮ್ಮ ಯಂತ್ರದಲ್ಲಿ ದೂರದ ಕೆಂಪಿಗೆ ಹೋಗುವಾಗ ಒಳಗಿನ ಫಿಲ್ಟರ್ ಬದಲಾಯಿಸಬೇಕು. "ಎರಡನೇ ಬಾಟಲಿಗೆ ಫಿಲ್ಟರ್ ಬದಲಾಯಿಸಿದ ಮೇಲೆ ಎಷ್ಟು ಮುಂದೆ ಹೋದಾಗ ಏರಿಕೆ ಸಿಕ್ಕಿತು?" ಎಂದೆ. "ಬಹಳ ಮುಂದೆ ಹೋಗಬೇಕಾಯ್ತು ಮ್ಯಾಮ್, ಗುಂಡಿ ಹೆಚ್ಚುಕಡಿಮೆ ಕೊನೆಗೆ ಬಂದಿತ್ತು," ಎಂದ. ಸರಿಯಾದ ಉತ್ತರ. ಆದರೆ ಆ ಬಾಟಲಿಯಲ್ಲಿ ನಿಜವಾಗಿ ಏನಿತ್ತೆಂದು ತಿಳಿದವನು ಕೂತಲ್ಲೇ ಅಷ್ಟನ್ನು ಲೆಕ್ಕ ಹಾಕಬಲ್ಲ. ನಾನು ಏನು ಕೇಳಿದರೂ ಅವನು ಲೆಕ್ಕ ಹಾಕಬಲ್ಲವನಾಗಿದ್ದ. ಮೂರು ವರ್ಷ ಆ ಲೆಕ್ಕ ಕಲಿಸಿದ್ದು ನಾನೇ.

ಅವನನ್ನು ಕಳಿಸಿ ನಾವಿಬ್ಬರೇ ಕೂತೆವು.

"ಅವಳು ಕಂಡದ್ದನ್ನು ಬರೆದಳು, ಯಾಕೆ ಹಾಗೆ ಅಂತ ಕೇಳಿಕೊಳ್ಳಲಿಲ್ಲ," ಎಂದರು ಪರೀಕ್ಷಕರು. "ಇವನು ಕೇಳಿಕೊಂಡ ಅಂತಾನೆ, ಆದರೆ ಕಂಡದ್ದನ್ನು ಬರೆಯಲಿಲ್ಲ. ಇಬ್ಬರಿಗೂ ಅಷ್ಟಷ್ಟು ಅಂಕ ಕಡಿಯೋಣ."

"ಅವಳ ಅಳತೆಗೆ ಪೂರ್ತಿ ಕೊಡಬೇಕು."

"ಬಾಟಲಿಯ ಮೇಲೆ ಸಂಶಯ ಪಡಬೇಕಿತ್ತು ಅವಳು."

"ನಾವು ಪಟ್ಟೆವೇ?"

ಅವರು ತಣ್ಣಗಾದ ಕಚೂರಿಯನ್ನು ಮುರಿದು ಬಾಯಿಗಿಟ್ಟುಕೊಂಡು ಅಂಕಪಟ್ಟಿಯನ್ನು ಹತ್ತಿರ ಎಳೆದುಕೊಂಡರು. ಕೊನೆಗೆ ಹುಡುಗಿಗೆ ಅಳತೆಗೆ ಪೂರ್ತಿ, ವಿವರಣೆಯಲ್ಲಿ ಸ್ವಲ್ಪ ಕಡಿತ. ಹುಡುಗನಿಗೆ ಇದರ ತಿರುವುಮುರುವು. ಒಟ್ಟು ಅಂಕ ಇಬ್ಬರಿಗೂ ಒಂದೇ ಆಯಿತು. ಬಂಗಾಲಿ ಹುಡುಗಿಗಾಗಿಯೂ ಹೀಗೇ ವಾದಿಸುತ್ತಿದ್ದೆನೇ ಎಂದು ಸಹಿ ಮಾಡುವಾಗ ಕೇಳಿಕೊಂಡೆ. ಹೌದು ಎನ್ನುವ ಉತ್ತರ ತೀರಾ ಬೇಗ ಬಂತು, ಹಾಗಾಗಿ ಅದನ್ನೂ ನಂಬಲಿಲ್ಲ.

ಹುಡುಗಿ ಪಾಸಾದಳು. ಹೊಸ ಕಾಲೇಜಿಗೆ ಬೇಕಾದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು ಒಂದು ಮಧ್ಯಾಹ್ನ ಬಂದಳು. ತಾಯಿ ಕೊಟ್ಟು ಕಳಿಸಿದ್ದ ಉಪ್ಪಿನಕಾಯಿಯ ಬಾಟಲಿಯನ್ನು ಮೇಜಿನ ಮೇಲಿಟ್ಟಳು. ಸಹಿ ಹಾಕಿ ಕೊಡುವಾಗ ಕೇಳಿದೆ: "ಆವತ್ತು ಉಲ್ಟಾ ಬಂದಾಗ ನಿನಗೆ ಭಯ ಆಗಲಿಲ್ವಾ?"

"ಆಯ್ತು. ಅವನೂ ಹೇಳಿದ, ಬದಲಾಯಿಸಿ ಬರಿ ಅಂತ," ಎಂದಳು ಎಂದಿನ ತನ್ನ ಇಂಗ್ಲಿಷಿನಲ್ಲಿ.

"ಯಾರು?"

"ಅವನೇ ಮ್ಯಾಮ್, ಪಕ್ಕದಲ್ಲಿದ್ದೋನು. ಮೆಲ್ಲಗೆ ಹೇಳಿದ, ಉಲ್ಟಾ ಬರ್ತಿದೆ, ಚೇಂಜ್ ಮಾಡು ಅಂತ. ನಾನು ಮಾಡ್ಲಿಲ್ಲ."

ನನ್ನ ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟೆ. "ಇದನ್ನ ಯಾಕೆ ಮೊದಲೇ ಹೇಳಲಿಲ್ಲ?"

"ಯಾರೂ ಕೇಳ್ಲಿಲ್ಲ."

"ಸರಿ, ಈಗ ಕೇಳ್ತೀನಿ. ಅವನು ತಾನೇ ಅಳೆದು, ತನಗೂ ಉಲ್ಟಾ ಬಂದಿದ್ದಕ್ಕೆ ಹಾಗೆ ಹೇಳಿದನಾ? ಇಲ್ಲ, ನಿನ್ನ ಹಾಳೆ ಇಣುಕಿ ನೋಡಿ ಹೇಳಿದನಾ?"

ಅವಳು ಯೋಚಿಸಿದಳು. ಯೋಚಿಸಿದಂತೆ ನಟಿಸುತ್ತಿದ್ದಾಳೆಯೇ ಎಂದು ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

"ಗೊತ್ತಿಲ್ಲ. ಅವನು ಮೆಷಿನ್ ಹತ್ರ ಇದ್ದಾಗ ನಾನು ಗ್ರಾಫ್ ಹಾಕ್ತಿದ್ದೆ. ನೋಡಿಲ್ಲ."

"ನಿನಗೆ ಏನನ್ಸುತ್ತೆ?"

"ಅನ್ಸಿದ್ದು ಹೇಳಿದ್ರೆ ನೀವು ಅದನ್ನೇ ನಡೆದಿದ್ದು ಅಂತ ಇಟ್ಕೊಳ್ತೀರಿ ಮ್ಯಾಮ್," ಎಂದು ನಕ್ಕು, ಕಾಗದವನ್ನು ಮಡಚದೆ ಫೈಲಿನಲ್ಲಿಟ್ಟುಕೊಂಡು ಹೊರಟಳು.